ಹೊಸ ಬಟ್ಟೆಗಾಗಿ ಹಠ ಹಿಡಿಯುವ ಹದಿಹರೆಯದ ಮಕ್ಕಳು: ಜಗಳವಿಲ್ಲದೆ ದುಡ್ಡಿನ ಬೆಲೆ ಕಲಿಸುವುದು ಹೇಗೆ?

ಅಪ್ಪ ಅಮ್ಮಂದಿರಿಂದ ಪದೇ ಪದೇ ಬರುವ ಪ್ರಶ್ನೆಯಿದು. "ಬೀರುವಿನ ಬಾಗಿಲು ಹಾಕಲಾಗದಷ್ಟು ಬಟ್ಟೆಯಿದೆ, ಆದರೂ ಹಾಕಿಕೊಳ್ಳೋಕೆ ಏನೂ ಇಲ್ಲ ಅಂತಾಳೆ." "ಕೇಳಿದ್ದನ್ನೇ ಕೊಡಿಸಿದೆವು, ಒಂದು ವಾರ ಖುಷಿಯಾಗಿದ್ದ, ಆಮೇಲೆ ಮತ್ತೊಂದು ಶುರು." "ನಾವು ಎಷ್ಟು ಕಷ್ಟಪಡುತ್ತೇವೆ ಅನ್ನೋದು ಇವರಿಗೆ ಯಾವಾಗ ಅರ್ಥವಾಗುತ್ತೆ?" ಈ ಕೊನೆಯ ಪ್ರಶ್ನೆಯಲ್ಲಿರುವ ನೋವು ನಿಜವಾದದ್ದು. ಅದಕ್ಕೇ ಈ ಲೇಖನವನ್ನು ತುಸು ಉದ್ದವಾಗಿಯೇ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೃತಜ್ಞತೆ ಉಪದೇಶದಿಂದ ಬರುವುದಿಲ್ಲ. ಮನೆಗೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮಗುವಿಗೆ, ಒಂದಿಷ್ಟು ದುಡ್ಡನ್ನು ತಾನೇ ಖರ್ಚು ಮಾಡಿ ಅದರ ಫಲ ಉಂಡ ಮಗುವಿಗೆ ಅದು ನಿಧಾನವಾಗಿ ಬರುತ್ತದೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಲೆಕ್ಕ ಮೊದಲು, ಕೃತಜ್ಞತೆ ಆಮೇಲೆ. ದಯವಿಟ್ಟು ಈ ಕ್ರಮ ತಪ್ಪಿಸಬೇಡಿ.

ಶುರು ಮಾಡುವ ಮೊದಲು ತಿಳಿದಿರಬೇಕಾದ ಎರಡು ಸಂಗತಿ

ಮೊದಲನೆಯದು ಮೈಯ ವಿಷಯ. ಈ ವಯಸ್ಸಿನಲ್ಲಿ ಮಕ್ಕಳು ನಿಜಕ್ಕೂ ಸರ್ರನೆ ಬೆಳೆಯುತ್ತಾರೆ. ಹುಡುಗಿಯರ ಎತ್ತರ ಅತಿ ವೇಗವಾಗಿ ಏರುವುದು ಸುಮಾರು 12ನೇ ವಯಸ್ಸಿನ ಆಸುಪಾಸಿನಲ್ಲಿ, ಹುಡುಗರದ್ದು ಸುಮಾರು 14ರ ಹೊತ್ತಿಗೆ. ಆ ಒಂದು ವರ್ಷದಲ್ಲಿ 8-9 ಸೆಂಟಿಮೀಟರ್ ಬೆಳೆಯುವುದು ಸಾಮಾನ್ಯ. ಪಾದ ಇನ್ನೂ ಮೊದಲೇ ಬೆಳೆದುಬಿಡುತ್ತದೆ. ಹೀಗಿರುವಾಗ "ಕಳೆದ ವರ್ಷ ತಾನೇ ಕೊಡಿಸಿದ್ದು" ಎನ್ನುವುದು ಎಷ್ಟೋ ಸಲ ಸರಿಯಾದ ಉತ್ತರವೇ ಅಲ್ಲ. ಭುಜದಲ್ಲಿ ಬಿಗಿಯುವ ಅಂಗಿ ತೊಟ್ಟು ದಿನವಿಡೀ ಕೂರುವುದು ಹಿಂಸೆ. ಬೆಳೆಯುತ್ತಿರುವ ಮೈಯ ಬಗ್ಗೆ ಮೊದಲೇ ಸಂಕೋಚಪಡುವ ಮಗು ಅದನ್ನು ಬಾಯಿ ಬಿಟ್ಟು ಹೇಳದೆ "ಇದು ಚೆನ್ನಾಗಿಲ್ಲ" ಎಂದಷ್ಟೇ ಹೇಳುತ್ತದೆ.

ಎರಡನೆಯದು ಮನಸ್ಸಿನ ವಿಷಯ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬ ಭಾವನೆ ಈ ವಯಸ್ಸಿನಲ್ಲಿ ತುಂಬಾ ಗಟ್ಟಿ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲೇ ಇದಕ್ಕೆ 'ಕಾಲ್ಪನಿಕ ಪ್ರೇಕ್ಷಕರು' ಎಂದು ಹೆಸರಿಟ್ಟರು. ಸುತ್ತ ಯಾರೂ ಗಮನಿಸದಿದ್ದರೂ ಸಭೆಯ ನಡುವೆ ನಿಂತಂತೆ ಅನ್ನಿಸುವುದು ಎಂದರ್ಥ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಬಟ್ಟೆಗೇ ಸಂಬಂಧಿಸಿದ್ದು. ಮುಜುಗರ ಹುಟ್ಟಿಸುವ ಚಿತ್ರವಿದ್ದ ಟೀಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಯೊಳಗೆ ಕಳಿಸಿದರು. ಅಲ್ಲಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ತಮ್ಮ ಟೀಶರ್ಟ್ ಗಮನಿಸಿರುತ್ತಾರೆ ಎಂದು ಆ ವಿದ್ಯಾರ್ಥಿಗಳು ಅಂದಾಜು ಮಾಡಿದರು. ನಿಜಕ್ಕೂ ಗಮನಿಸಿದವರು ಅದರ ಅರ್ಧ, ಅಂದರೆ ಸುಮಾರು ಕಾಲು ಭಾಗ ಮಾತ್ರ. ಇವರು ಕಾಲೇಜು ಓದುವವರು. 14ರ ಮಗುವಿಗೆ ಈ ಭಾವನೆ ಇನ್ನೆಷ್ಟು ಜೋರಾಗಿರಬೇಡ! ಈ ಪ್ರಯೋಗದ ಕಥೆಯನ್ನು ಮಗುವಿಗೆ ಹೇಳಬಹುದು, ಮಕ್ಕಳು ಆಸಕ್ತಿಯಿಂದ ಕೇಳುತ್ತಾರೆ. ಆದರೆ ಬೇಡಿಕೆ ಬಂದ ಗಳಿಗೆಯಲ್ಲೇ "ನಿನ್ನನ್ನು ಯಾರು ನೋಡ್ತಾರೆ ಬಿಡು" ಅನ್ನಬೇಡಿ. ಅದು ಸಮಾಧಾನವಾಗಿ ಕೇಳಿಸುವುದಿಲ್ಲ, ಅವಮಾನವಾಗಿ ಕೇಳಿಸುತ್ತದೆ.

ಏನೇನು ಬೇಕು?

ಅಳತೆ ಟೇಪು, ಒಂದು ನೋಟ್‌ಬುಕ್ಕು, 100 ಬೆಂಕಿಕಡ್ಡಿಗಳು (ಯಾಕೆಂದು ಎರಡನೇ ಹಂತದಲ್ಲಿ ಗೊತ್ತಾಗುತ್ತದೆ), ಕಳೆದ ಒಂದು ವರ್ಷದಲ್ಲಿ ಮಗುವಿನ ಬಟ್ಟೆ ಮತ್ತು ಚಪ್ಪಲಿ-ಶೂಗಳಿಗೆ ಆದ ಒಟ್ಟು ಖರ್ಚು. ಈ ಕೊನೆಯದನ್ನು ಬ್ಯಾಂಕ್ ಖಾತೆ, ಆನ್‌ಲೈನ್ ಆರ್ಡರ್‌ಗಳ ಪಟ್ಟಿ, ಉಳಿದ ಬಿಲ್ಲು ನೋಡಿ ಕೂಡಿಸಿ. ಅಂದಾಜಿನಲ್ಲಿ ಬರೆಯಬೇಡಿ. ಬಹಳಷ್ಟು ಮನೆಗಳಲ್ಲಿ ಅಂದಾಜಿಗೂ ನಿಜಕ್ಕೂ ದೊಡ್ಡ ಅಂತರವಿರುತ್ತದೆ, ಮುಂದಿನ ಲೆಕ್ಕವೆಲ್ಲ ಈ ಸಂಖ್ಯೆಯ ಮೇಲೆಯೇ ನಿಂತಿದೆ.

1. ಮೊದಲು ದೊಡ್ಡವರು ಮಾತಾಡಿಕೊಳ್ಳಿ

ಮಗುವಿನ ಮುಂದೆ ಕೂರುವ ಮೊದಲು ಮನೆಯ ದೊಡ್ಡವರಲ್ಲಿ ಒಮ್ಮತ ಇರಲಿ. ಅಪ್ಪ ಬೇಡ ಎಂದದ್ದನ್ನು ಅಮ್ಮ ಗುಟ್ಟಾಗಿ ಕೊಡಿಸಿದರೆ, ಅಥವಾ ಇಬ್ಬರೂ ಬೇಡ ಎಂದದ್ದನ್ನು ಅಜ್ಜಿ ಕೊಡಿಸಿದರೆ, ಮಗು ಕಲಿಯುವುದು ಯಾರನ್ನು ಯಾವಾಗ ಕೇಳಬೇಕು ಎಂಬ ವಿದ್ಯೆಯನ್ನು. ಅಜ್ಜ ಅಜ್ಜಿಯ ಪ್ರೀತಿಗೆ ಅಡ್ಡ ಬರುವುದು ಬೇಡ. "ನೀವು ಕೊಡುವುದನ್ನು ಕೊಡಿ, ಆದರೆ ಕೊಡುವ ಮೊದಲು ನಮಗೊಂದು ಮಾತು ಹೇಳಿ" ಎಂದು ಕೇಳಿಕೊಂಡರೆ ಸಾಕು. ಅಪ್ಪ ಅಮ್ಮ ಬೇರೆ ಬೇರೆ ಮನೆಗಳಲ್ಲಿರುವಲ್ಲಿ ಈ ಮಾತುಕತೆ ಕಷ್ಟ ಎಂದು ಬಲ್ಲೆ. ಅಲ್ಲಿ ಕನಿಷ್ಠ ಒಟ್ಟು ಮೊತ್ತದ ಮಟ್ಟಿಗಾದರೂ ಒಪ್ಪಂದವಿರಲಿ.

ಇನ್ನೊಂದನ್ನು ಈ ಹಂತದಲ್ಲೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ: ನೀವು ಬೇಡ ಎನ್ನುತ್ತಿರುವುದು ದುಡ್ಡಿನ ಕಾರಣಕ್ಕೋ, ಆ ಬಟ್ಟೆ ನಿಮಗೆ ಹಿಡಿಸದ ಕಾರಣಕ್ಕೋ? ತೀರಾ ಗಿಡ್ಡ, ತೀರಾ ದೊಗಳೆ, ಹರಿದಂತಿರುವ ಜೀನ್ಸ್ ಇವುಗಳ ಬಗ್ಗೆ ಆಕ್ಷೇಪವಿದ್ದರೆ ಅದನ್ನೇ ಹೇಳಿ, ಅದರ ಬಗ್ಗೆಯೇ ಚರ್ಚೆಯಾಗಲಿ. ಇಷ್ಟವಿಲ್ಲದ್ದಕ್ಕೆ ದುಡ್ಡಿನ ನೆಪ ಹೇಳಿದರೆ ಮಗುವಿಗೆ ಅದು ಕೂಡಲೇ ಗೊತ್ತಾಗುತ್ತದೆ. ಆಮೇಲೆ ನೀವು ನಿಜವಾದ ದುಡ್ಡಿನ ಕಾರಣ ಹೇಳಿದಾಗಲೂ ನಂಬುವುದಿಲ್ಲ.

2. ಮನೆಯ ದುಡ್ಡನ್ನು ಮೇಜಿನ ಮೇಲೆ ಇಡಿ

ಬೆಂಕಿಕಡ್ಡಿ ಬೇಕಾಗುವುದು ಇಲ್ಲಿ. 100 ಕಡ್ಡಿ ಎಣಿಸಿ ಮೇಜಿನ ಮೇಲೆ ಇಡಿ. "ಇದು ನಮ್ಮನೆಗೆ ತಿಂಗಳಿಗೆ ಬರುವ ದುಡ್ಡು" ಎನ್ನಿ. ನಿಜವಾದ ಸಂಬಳ ಹೇಳಲೇಬೇಕೆಂದಿಲ್ಲ. 12-13ರ ಮಕ್ಕಳಿಗೆ ಪಾಲು ಗೊತ್ತಾದರೆ ಸಾಕು, 16 ದಾಟಿದವರಿಗೆ ನಿಜವಾದ ಅಂಕಿಯನ್ನೇ ಹೇಳಬಹುದು ಎಂಬುದು ನನ್ನ ಅಭಿಪ್ರಾಯ. ಈಗ ಬಾಡಿಗೆ ಅಥವಾ ಮನೆ ಸಾಲದ ಕಂತಿಗೆ ಎಷ್ಟು ಕಡ್ಡಿ, ದಿನಸಿಗೆಷ್ಟು, ಕರೆಂಟು-ನೀರಿಗೆಷ್ಟು, ಓದಿಗೆಷ್ಟು, ಓಡಾಟಕ್ಕೆಷ್ಟು, ಔಷಧಿ ಮತ್ತು ವಿಮೆಗೆಷ್ಟು, ಉಳಿತಾಯಕ್ಕೆಷ್ಟು ಎಂದು ಒಂದೊಂದೇ ಗುಂಪು ಮಾಡುತ್ತಾ ಹೋಗಿ. ಎಣಿಸಿ ತೆಗೆಯುವ ಕೆಲಸ ಮಗುವಿನದ್ದಾಗಲಿ. ಕಡ್ಡಿ ಒಂದೊಂದಾಗಿ ಬೇರೆಡೆ ಹೋಗುವಾಗ, ನಡುವೆ ಉಳಿದ ಗುಡ್ಡೆ ಕರಗುವುದನ್ನು ಅದು ತನ್ನ ಕೈಯಿಂದಲೇ ನೋಡುತ್ತದೆ. ಕೊನೆಗೆ ಮನೆಯವರೆಲ್ಲರ ಬಟ್ಟೆಗೆ ಎಂದು ಉಳಿದ ಕಡ್ಡಿಗಳನ್ನು ಅದರ ಕೈಗೆ ಕೊಡಿ.

ಈ ಹೊತ್ತಿನಲ್ಲಿ ಭಾಷಣ ಬೇಡ. "ನೋಡಿದೆಯಾ, ನಾವೆಷ್ಟು ಕಷ್ಟಪಡ್ತೀವಿ" ಎಂದರೆ ಮೇಜಿನ ಮೇಲಿನ ಲೆಕ್ಕವೆಲ್ಲ ಒಂದು ಬೈಗುಳವಾಗಿಬಿಡುತ್ತದೆ. ಕಡ್ಡಿಗಳೇ ಹೇಳಬೇಕಾದ್ದನ್ನು ಹೇಳಿರುತ್ತವೆ. ಮಗು ಕೇಳಿದ ಪ್ರಶ್ನೆಗೆ ಉತ್ತರ ಕೊಡಿ, ಅಷ್ಟೇ. "ಇಷ್ಟೊಂದು ಕಂತಿಗೇ ಹೋಗುತ್ತಾ?" ಎಂದು ಕೇಳಿದರೆ ಸಾಲ, ಬಡ್ಡಿ ಎಂದರೇನೆಂದು ವಿವರಿಸಲು ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಇಲ್ಲಿ ಎರಡು ತಪ್ಪುಗಳು ಸಾಮಾನ್ಯ. ಒಂದು, ದುಡ್ಡಿದ್ದೂ "ದುಡ್ಡಿಲ್ಲ" ಎನ್ನುವುದು. ಮಾರನೇ ವಾರ ಮನೆಗೆ ಹೊಸ ಫೋನು ಬಂದರೆ ಆ ಮಾತಿನ ಬೆಲೆ ಹೋಯಿತು. "ಇದೆ, ಆದರೆ ಇದಕ್ಕೆ ಈಗ ಖರ್ಚು ಮಾಡಬಾರದು ಅಂತ ತೀರ್ಮಾನಿಸಿದ್ದೇವೆ" ಎನ್ನುವುದು ನೇರವಾದ ಮಾತು. ಇನ್ನೊಂದು ಇದಕ್ಕೆ ಉಲ್ಟಾ: ನಿಜಕ್ಕೂ ಕೈ ಬಿಗಿಯಾಗಿರುವಾಗ ಮಕ್ಕಳಿಗೆ ಗೊತ್ತಾಗಬಾರದೆಂದು ಸಾಲ ಮಾಡಿ ಕೊಡಿಸುವುದು. ಮಕ್ಕಳು ಕೊರತೆಯನ್ನು ತಾಳಿಕೊಳ್ಳುತ್ತಾರೆ, ದೊಡ್ಡವರ ಮುಖದ ಮೇಲಿನ ವಿವರಣೆಯಿಲ್ಲದ ಆತಂಕವನ್ನು ತಾಳಿಕೊಳ್ಳುವುದು ಕಷ್ಟ. "ಈ ಆರು ತಿಂಗಳು ಬಿಗಿ ಇದೆ. ಊಟಕ್ಕೆ, ಓದಿಗೆ ತೊಂದರೆಯಿಲ್ಲ. ಬಟ್ಟೆ ಮಾತ್ರ ಬೇಕೇಬೇಕಾದ್ದಷ್ಟೇ" ಎಂದು ಬಿಡಿಸಿ ಹೇಳಿ. ಏನು ನಿಲ್ಲುತ್ತದೆ ಎನ್ನುವುದರ ಜೊತೆಗೆ ಏನು ನಿಲ್ಲುವುದಿಲ್ಲ ಎಂಬುದನ್ನೂ ಹೇಳುವುದು ಮುಖ್ಯ.

3. ಬೀರು ಖಾಲಿ ಮಾಡಿ

ಎಲ್ಲ ಬಟ್ಟೆ ಹಾಸಿಗೆಯ ಮೇಲೆ ಬರಲಿ. ಕುರ್ಚಿಯ ಬೆನ್ನಿಗೆ ನೇತು ಹಾಕಿದ್ದು, ಒಗೆಯಲು ಹಾಕಿದ್ದು, ಚೀಲದ ತಳದಲ್ಲಿ ಮುದ್ದೆಯಾಗಿದ್ದು ಎಲ್ಲವೂ. ಹೊಂದುವಂಥದ್ದು ಮತ್ತು ಹಾಕುವಂಥದ್ದು, ಹೊಂದುತ್ತದೆ ಆದರೆ ಹಾಕುವುದಿಲ್ಲ, ರಿಪೇರಿ ಬೇಕು, ಚಿಕ್ಕದಾಗಿದೆ ಎಂದು ನಾಲ್ಕು ಗುಡ್ಡೆ ಮಾಡಲಿ. ವಿಂಗಡಿಸುವುದು ಮಗು, ನೀವು ಬರೆದುಕೊಳ್ಳಿ. ಅಳತೆಯನ್ನೂ ತೆಗೆದು ಬರೆದಿಡಿ: ಎದೆ, ಸೊಂಟ, ಭುಜ, ಕಾಲಿನ ಒಳ ಉದ್ದ, ಪಾದ. ತನ್ನ ಅಳತೆ ತಾನೇ ತೆಗೆದುಕೊಳ್ಳುತ್ತೇನೆ ಎಂದರೆ ಟೇಪು ಕೊಟ್ಟು ಹೊರಗೆ ಬನ್ನಿ.

ಎರಡನೇ ಗುಡ್ಡೆಯೇ ಪಾಠಶಾಲೆ. ಹೊಂದಿದರೂ ಹಾಕದ ಪ್ರತಿ ಬಟ್ಟೆಗೂ ಒಂದು ಕಾರಣವಿರುತ್ತದೆ: ಚುಚ್ಚುತ್ತದೆ, ಬೆವರುತ್ತದೆ, ಬಣ್ಣ ಮೈಗೆ ಒಪ್ಪುವುದಿಲ್ಲ, ಜೊತೆಗೆ ಹಾಕಲು ಪ್ಯಾಂಟಿಲ್ಲ, ಯಾರೋ ನಕ್ಕರು. ಆ ಕಾರಣವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಮುಂದಿನ ಖರೀದಿಯಲ್ಲಿ ತಪ್ಪಿಸಬೇಕಾದ್ದೇನು ಎಂಬ ಪಟ್ಟಿ ತಾನಾಗಿ ತಯಾರಾಗುತ್ತದೆ. ಅದರಲ್ಲಿ ಕೆಲವು ನೀವು ಮೆಚ್ಚಿ, ನೀವೇ ಒತ್ತಾಯಿಸಿ ತಂದವೂ ಇರುತ್ತವೆ, ಅದನ್ನು ಒಪ್ಪಿಕೊಳ್ಳಿ.

ರಿಪೇರಿ ಗುಡ್ಡೆಯನ್ನು ಅದೇ ವಾರ ಮುಗಿಸಿ. ಗುಂಡಿ ಹಾಕುವುದು, ಬಿಚ್ಚಿದ ಹೊಲಿಗೆ ಹಾಕುವುದನ್ನು ಹುಡುಗ ಹುಡುಗಿ ಇಬ್ಬರೂ ಒಂದು ಸಂಜೆಯಲ್ಲಿ ಕಲಿಯಬಹುದು. ಪ್ಯಾಂಟು ಗಿಡ್ಡವಾಗಿದ್ದರೆ ಕೆಳಗೆ ಒಳಮಡಿಚಿದ ಬಟ್ಟೆ ಎಷ್ಟಿದೆ ನೋಡಿ, ಎರಡು ಬೆರಳಗಲ ಇದ್ದರೆ ಟೈಲರ್ ಉದ್ದ ಇಳಿಸಿಕೊಡುತ್ತಾರೆ. ಜಿಪ್ ಕೆಟ್ಟದ್ದಕ್ಕೆ ಇಡೀ ಪ್ಯಾಂಟನ್ನು ಎಸೆಯಬೇಕಿಲ್ಲ.

ಎಚ್ಚರಿಕೆ: ಈ ಕೆಲಸ ನಡೆಯುವಾಗ "ಇಷ್ಟೊಂದು ಇದ್ದೂ..." ಎಂಬ ವಾಕ್ಯವನ್ನು ಶುರು ಮಾಡಲೇಬೇಡಿ. ದಪ್ಪಗಾಗಿದ್ದೀಯ, ಸಣಕಲಾಗಿದ್ದೀಯ ಎಂಬ ಮಾತು ತಮಾಷೆಗೂ ಬೇಡ.

4. ಪಟ್ಟಿ ಬರೆಯಿರಿ, ಎರಡರ ಬದಲು ಮೂರು ಕಾಲಂ ಹಾಕಿ

ಅಗತ್ಯ, ಆಸೆ ಎಂದು ಎರಡೇ ಭಾಗ ಮಾಡುವುದು ರೂಢಿ. ನಾನು ಮೂರನೆಯದೊಂದನ್ನು ಸೇರಿಸುತ್ತೇನೆ: ಗುಂಪಿಗೆ ಸೇರಲು ಬೇಕಾದದ್ದು. ಮಳೆಗೆ ಜಾಕೆಟ್ ಅಗತ್ಯ. ಆರನೇ ಟೀಶರ್ಟ್ ಆಸೆ. ಆದರೆ ತರಗತಿಯಲ್ಲಿ ಎಲ್ಲರ ಕಾಲಲ್ಲೂ ಒಂದೇ ಬಗೆಯ ಶೂ ಇದ್ದು ತನ್ನದು ಮಾತ್ರ ಬೇರೆಯಾಗಿರುವಾಗ ಮಗು ಅನುಭವಿಸುವುದನ್ನು ಆಸೆ ಎಂದು ತಳ್ಳಿಹಾಕಲಾಗದು. ಅದಕ್ಕೆ ಪೂರ್ತಿ ಮಣಿಯಬೇಕಾಗಿಯೂ ಇಲ್ಲ. ಮೂರನೇ ಕಾಲಂನಲ್ಲಿ ವರ್ಷಕ್ಕೆ ಒಂದೋ ಎರಡೋ ವಸ್ತುವಿಗೆ ಜಾಗ ಕೊಡಿ. ಯಾವುದು ಎಂದು ಆರಿಸುವ ಹಕ್ಕು ಮಗುವಿನದ್ದು. ಒಂದನ್ನೇ ಆರಿಸಬೇಕಾದಾಗ ಎಷ್ಟೋ "ಬೇಕೇಬೇಕು"ಗಳು ತಾವಾಗಿ ಬಿದ್ದುಹೋಗುತ್ತವೆ.

"ಎಲ್ಲರ ಹತ್ತಿರ ಇದೆ" ಎಂಬ ಮಾತು ಬಂದಾಗ ಸುಳ್ಳು ಎಂದು ವಾದಿಸಬೇಡಿ. "ಯಾರ್ಯಾರ ಹತ್ತಿರ ಇದೆ ಹೇಳು" ಎಂದು ಕುತೂಹಲದಿಂದ ಕೇಳಿ. ಹೆಸರು ಹೇಳುತ್ತಾ ಹೋದಂತೆ ಅದು ಮೂರು ಜನರೋ ಹದಿನೈದು ಜನರೋ ಎಂದು ಅದಕ್ಕೇ ಕಾಣುತ್ತದೆ. ನಿಮಗೂ ಅದರ ಗೆಳೆಯರ ಬಳಗದ ಪರಿಚಯವಾಗುತ್ತದೆ.

5. ಬಟ್ಟೆಯ ದುಡ್ಡನ್ನು ಮಗುವಿನ ಕೈಗೆ ಕೊಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ನಿಮಗೆ ಸಮಯವಿದ್ದರೆ ಇದನ್ನು ಮಾಡಿ. ಇದನ್ನು ಬಟ್ಟೆ ಭತ್ಯೆ ಎನ್ನೋಣ. ಇಂತಿಷ್ಟು ಅವಧಿಗೆ ಇಂತಿಷ್ಟು ದುಡ್ಡು, ಅದರೊಳಗೆ ಏನು ಕೊಳ್ಳಬೇಕೆಂಬ ತೀರ್ಮಾನ ಮಗುವಿನದ್ದು.

ಕಳೆದ ವರ್ಷದ ಒಟ್ಟು ಖರ್ಚು ನಿಮ್ಮ ಬಳಿ ಇದೆಯಲ್ಲ, ಅದರಿಂದ ಶುರು ಮಾಡಿ. ಆ ಖರ್ಚು ಹೆಚ್ಚಾಯಿತೆನಿಸಿದರೆ ಇಳಿಸಿ, ಆದರೆ ಮಗು ಸೋಲಲೆಂದೇ ಇಳಿಸಬೇಡಿ. ಒಳ ಉಡುಪು, ಶಾಲೆಯ ಸಮವಸ್ತ್ರ, ಒಂದು ಜೊತೆ ಗಟ್ಟಿ ಶೂ, ಚಳಿ-ಮಳೆಗೆ ಬೇಕಾದ್ದು ನಿಮ್ಮ ಖಾತೆಯಲ್ಲೇ ಇರಲಿ. ಮಗುವಿನ ಆಯ್ಕೆ ಕೆಟ್ಟರೂ ಅದು ನಡುಗಬಾರದು, ನೆನೆಯಬಾರದು. ಉಳಿದದ್ದನ್ನು ನಾಲ್ಕು ಪಾಲು ಮಾಡಿ ಮೂರು ತಿಂಗಳಿಗೊಮ್ಮೆ ಕೊಡಿ. 12-13ರ ಮಕ್ಕಳಿಗೆ ಮೂರು ತಿಂಗಳೇ ದೂರ ಅನ್ನಿಸಿದರೆ ತಿಂಗಳಿಗೊಮ್ಮೆ ಕೊಡಬಹುದು. 16 ದಾಟಿದವರಿಗೆ ಆರು ತಿಂಗಳದ್ದನ್ನು ಒಟ್ಟಿಗೆ ಕೊಟ್ಟು ನೋಡಿ.

ನಿಯಮ ನಾಲ್ಕೈದು ಸಾಲಿಗಿಂತ ಹೆಚ್ಚು ಬೇಡ, ಬರಹದಲ್ಲಿರಲಿ. ಉಳಿಸಿದ್ದು ಅದರದ್ದೇ, ಮುಂದಿನ ಅವಧಿಗೆ ಸೇರುತ್ತದೆ. ಮುಗಿದರೆ ಮುಂದಿನ ಕಂತಿನವರೆಗೆ ಕಾಯಬೇಕು. ಪ್ರತಿ ಖರೀದಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮನೆಯಲ್ಲಿ ಬಟ್ಟೆಯ ಬಗ್ಗೆ ಯಾವುದಾದರೂ ಗೆರೆ ಇದ್ದರೆ ಅದನ್ನೂ ಮೊದಲೇ ಬರೆದಿಡಿ, ಖರೀದಿಯಾದ ಮೇಲೆ ಹೊಸದಾಗಿ ಹುಟ್ಟಿಸಬೇಡಿ.

ಇದು ಕೆಡುವುದು ಹೆಚ್ಚಾಗಿ ದೊಡ್ಡವರಿಂದಲೇ. ಮೊದಲ ಕಂತು ಎರಡೇ ವಾರದಲ್ಲಿ ಖಾಲಿಯಾಗುವ ಸಾಧ್ಯತೆ ದೊಡ್ಡದು. ಮಗು ಮುಖ ಸಣ್ಣಗೆ ಮಾಡಿಕೊಂಡು ನಿಂತಾಗ ನಿಮ್ಮ ಕರುಳು ಚುರುಕ್ ಎನ್ನುತ್ತದೆ, ಕೈ ಪರ್ಸಿಗೆ ಹೋಗುತ್ತದೆ. ತಡೆಯಿರಿ. ಕಾಯುವ ಆ ಕೆಲವು ವಾರಗಳಲ್ಲೇ ಕಲಿಕೆ ಇರುವುದು, ಒಂದು ಸಲ ತುಂಬಿಕೊಟ್ಟರೆ ನಿಯಮ ಸತ್ತಂತೆ. ಹಾಗೆಯೇ ಅಂಕ ಕಡಿಮೆ ಬಂತೆಂದು, ಎದುರು ಮಾತಾಡಿತೆಂದು ಭತ್ಯೆ ಕತ್ತರಿಸಬೇಡಿ. ಕೊಡುವ ದುಡ್ಡು ಶಿಕ್ಷೆಯ ಕೋಲಾದರೆ ಮಗು ಲೆಕ್ಕ ಕಲಿಯುವುದು ಬಿಟ್ಟು ನಿಮ್ಮ ಮೂಡು ನೋಡುವುದನ್ನು ಕಲಿಯುತ್ತದೆ. ಅಣ್ಣ ತಂಗಿಯರಿಗೆ ಒಂದೇ ಮೊತ್ತ ಕೊಡಬೇಕೆಂದೂ ಇಲ್ಲ. ವಯಸ್ಸು, ಬೆಳವಣಿಗೆ, ಅಣ್ಣನದ್ದು ತಮ್ಮನಿಗೆ ಬರುತ್ತದೋ ಇಲ್ಲವೋ ನೋಡಿ, ವ್ಯತ್ಯಾಸದ ಕಾರಣವನ್ನು ಇಬ್ಬರ ಮುಂದೆಯೂ ಹೇಳಿ. ಸದಾ ಹಳೆಯದೇ ಬರುವ ಕಿರಿಯ ಮಗುವಿಗೆ ಪ್ರತಿ ಅವಧಿಯಲ್ಲೂ ಒಂದಾದರೂ ಅದರದ್ದೇ ಎನ್ನುವ ಹೊಸ ಬಟ್ಟೆ ಇರಲಿ.

ಭತ್ಯೆ ಸಾಲದಾಗ ದುಡಿದು ಸೇರಿಸುತ್ತೇನೆ ಎಂದರೆ ಸಂತೋಷ. ಮನೆಯ ದಿನನಿತ್ಯದ ಕೆಲಸಕ್ಕೆ ದುಡ್ಡು ಬೇಡ, ಅದು ಎಲ್ಲರದ್ದೂ. ನೀವು ಹೊರಗಿನವರಿಗೆ ದುಡ್ಡು ಕೊಟ್ಟು ಮಾಡಿಸುತ್ತಿದ್ದ ಕೆಲಸವೇನಾದರೂ ಇದ್ದರೆ ಅದನ್ನು ಕೊಡಿ. ಒಂದು ಜೀನ್ಸ್ ಎಂದರೆ ಎಷ್ಟು ಗಂಟೆಯ ದುಡಿಮೆ ಎಂಬ ಲೆಕ್ಕ ಆಗ ಬಾಯಿಪಾಠವಾಗಿ ಉಳಿಯುವುದಿಲ್ಲ, ಮೈಗೆ ಗೊತ್ತಾಗುತ್ತದೆ.

6. ಕೊಳ್ಳುವುದನ್ನು ಕಲಿಸಿ

ದುಡ್ಡು ಕೊಟ್ಟು ಅಂಗಡಿಗೆ ಬಿಟ್ಟರೆ ಸಾಲದು. ಮೊದಲ ಒಂದೆರಡು ಸಲ ಜೊತೆಗೆ ಹೋಗಿ, ಕೇಳಿದಾಗ ಮಾತ್ರ ಅಭಿಪ್ರಾಯ ಕೊಡಿ.

ಬಟ್ಟೆಯನ್ನು ಒಳಗೆ ಮಗುಚಿ ನೋಡುವುದನ್ನು ಕಲಿಸಿ. ಹೊಲಿಗೆ ಒತ್ತಾಗಿದೆಯೇ, ಅಂಚಿನ ನೂಲು ಈಗಲೇ ಬಿಚ್ಚುತ್ತಿದೆಯೇ? ಹೊಲಿಗೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆದಾಗ ನಡುವೆ ಬೆಳಕು ಕಂಡರೆ ಅದು ಬಹಳ ದಿನ ಬಾಳುವುದಿಲ್ಲ. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ, ಎಷ್ಟು ಸುಕ್ಕಾಯಿತು ಎಂಬುದರಿಂದ ಇಸ್ತ್ರಿಯ ಕೆಲಸ ಎಷ್ಟೆಂದು ಗೊತ್ತಾಗುತ್ತದೆ. ಒಳಗಿನ ಚೀಟಿಯ ಚಿಹ್ನೆಗಳನ್ನು ಓದಿಸಿ: ನೀರಿನ ತೊಟ್ಟಿಯೊಳಗೆ ಕೈ ಇದ್ದರೆ ಕೈಯಲ್ಲೇ ಒಗೆಯಬೇಕು, ತ್ರಿಕೋನಕ್ಕೆ ಅಡ್ಡಗೆರೆ ಎಳೆದಿದ್ದರೆ ಬ್ಲೀಚ್ ಹಾಕಬಾರದು, ಇಸ್ತ್ರಿಪೆಟ್ಟಿಗೆಯೊಳಗೆ ಒಂದೇ ಚುಕ್ಕಿ ಇದ್ದರೆ ಕಡಿಮೆ ಬಿಸಿ. ತೊಟ್ಟಿಗೇ ಅಡ್ಡಗೆರೆ ಇದ್ದರೆ ಮನೆಯಲ್ಲಿ ಒಗೆಯುವಂತಿಲ್ಲ. ಹಾಗಾದರೆ ಆ ಬಟ್ಟೆಯ ಬೆಲೆಗೆ ಪ್ರತಿ ಸಲದ ಡ್ರೈ ಕ್ಲೀನಿಂಗ್ ಖರ್ಚನ್ನೂ ಸೇರಿಸಬೇಕು.

ಆಮೇಲೆ 'ಒಂದು ತೊಡುವಿಕೆಯ ಬೆಲೆ'. ಬಟ್ಟೆಯ ಬೆಲೆಯನ್ನು ಅದನ್ನು ಎಷ್ಟು ಸಲ ತೊಡುತ್ತೀರೋ ಅಷ್ಟರಿಂದ ಭಾಗಿಸುವುದು. ಎರಡು ಪ್ಯಾಂಟುಗಳಲ್ಲಿ ಒಂದರ ಬೆಲೆ ಇನ್ನೊಂದರ ಮೂರರಷ್ಟು ಎಂದುಕೊಳ್ಳಿ. ಅಗ್ಗದ್ದು 10 ಸಲಕ್ಕೆ ಜಾಳಾಯಿತು, ದುಬಾರಿಯದ್ದನ್ನು 60 ಸಲ ತೊಟ್ಟರು. ಆಗ ದುಬಾರಿಯದ್ದರ ಒಂದು ತೊಡುವಿಕೆಯ ಬೆಲೆ ಅಗ್ಗದ್ದರ ಅರ್ಧ. ಆದರೆ ಬೆಳೆಯುವ ಮಕ್ಕಳ ವಿಷಯದಲ್ಲಿ ಇದಕ್ಕೊಂದು ತಿದ್ದುಪಡಿ ಬೇಕು. ಆರು ತಿಂಗಳಲ್ಲಿ ಚಿಕ್ಕದಾಗುವ ಪ್ಯಾಂಟು ಎಷ್ಟೇ ಗಟ್ಟಿಯಾಗಿದ್ದರೂ 60 ಸಲ ತೊಡಲಾಗದು. ವೇಗವಾಗಿ ಬೆಳೆಯುವ ವರ್ಷಗಳಲ್ಲಿ ಪ್ಯಾಂಟು, ಶೂಗಳಿಗೆ ಮಧ್ಯಮ ಬೆಲೆ ಸಾಕು. ಚೀಲ, ಬೆಲ್ಟು, ಬೆಳವಣಿಗೆ ನಿಂತ ಮೇಲಿನ ಜಾಕೆಟ್ಟಿಗೆ ಹೆಚ್ಚು ಕೊಡಬಹುದು. ಇನ್ನೊಬ್ಬರು ತೊಟ್ಟ ಒಳ್ಳೆಯ ಬಟ್ಟೆಯನ್ನು ಗೆಳೆಯರ ನಡುವೆ ಅದಲುಬದಲು ಮಾಡಿಕೊಳ್ಳುವುದೂ ಬುದ್ಧಿವಂತಿಕೆಯೇ.

ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಒಂದು ಕಟ್ಟುನಿಟ್ಟಿನ ನಿಯಮ: ಬುಟ್ಟಿಗೆ ಹಾಕಿದ ಮೇಲೆ ಒಂದು ವಾರ ಬಿಡುವುದು. "ಇನ್ನು ಎರಡೇ ಪೀಸ್ ಉಳಿದಿದೆ", "ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ" ಎಂದು ಓಡುವ ಗಡಿಯಾರಗಳು ಯೋಚಿಸಲು ಬಿಡಬಾರದೆಂದೇ ಹಾಕಿದ್ದು. ಹೊಡೆದುಹಾಕಿದ ಹಳೆಯ ಬೆಲೆಯೂ ಅಂಥದ್ದೇ. ಅದು ದೊಡ್ಡದಿದ್ದಷ್ಟೂ ಪಕ್ಕದ ಬೆಲೆ ಚಿಕ್ಕದಾಗಿ ಕಾಣುತ್ತದೆ. 'ಈಗ ಕೊಳ್ಳಿ, ಆಮೇಲೆ ಕೊಡಿ' ಎನ್ನುವುದು ಸಾಲ. ಕಂತು ತಪ್ಪಿದರೆ ದಂಡ ಬೀಳುತ್ತದೆ ಎಂದು ಬಿಡಿಸಿ ಹೇಳಿ, ನಿಮ್ಮ ಕಾರ್ಡಿನ ವಿವರ ಮಗುವಿನ ಫೋನಿನಲ್ಲಿ ಉಳಿಯದಂತೆ ನೋಡಿಕೊಳ್ಳಿ. ಮೆಚ್ಚಿನ ವಿಡಿಯೊ ಮಾಡುವವರು ತೊಟ್ಟು ತೋರಿಸುವ ಬಟ್ಟೆಯಲ್ಲಿ ಎಷ್ಟೋ ಪಾಲು ಕಂಪನಿಗಳು ದುಡ್ಡು ಕೊಟ್ಟು ತೊಡಿಸಿದ್ದು. ಆ ವಿಡಿಯೊದಲ್ಲಿ ಜಾಹೀರಾತು ಎಂಬ ಸೂಚನೆ ಎಲ್ಲಿದೆ ಎಂದು ಮಗುವೇ ಹುಡುಕಲಿ.

ಒಂದು ಕೊಂಡರೆ ಅದಕ್ಕೆ ಜೊತೆಯಾಗಿ ಇನ್ನೊಂದು ಬೇಕೆನ್ನಿಸುವುದನ್ನು 'ದಿದೆರೊ ಪರಿಣಾಮ' ಎನ್ನುತ್ತಾರೆ. 18ನೇ ಶತಮಾನದ ಫ್ರೆಂಚ್ ಚಿಂತಕ ದಿದೆರೊಗೆ ಒಂದು ಸೊಗಸಾದ ಹೊಸ ನಿಲುವಂಗಿ ಬಂತು. ಅದರ ಮುಂದೆ ಮನೆಯ ಹಳೆಯ ಸಾಮಾನೆಲ್ಲ ಮಂಕಾಗಿ ಕಂಡು ಒಂದೊಂದನ್ನೇ ಬದಲಿಸುತ್ತಾ ಹೋದೆ ಎಂದು ಅವನೇ ಬರೆದಿದ್ದಾನೆ. ಮಗುವಿಗೆ ಕಲಿಸಬೇಕಾದ ಪ್ರಶ್ನೆ ಸರಳ: ಇದು ಈಗ ನನ್ನ ಹತ್ತಿರ ಇರುವ ಕನಿಷ್ಠ ಮೂರು ಬಟ್ಟೆಗಳ ಜೊತೆ ಹೊಂದುತ್ತದೆಯೇ?

7. ತಪ್ಪು ಖರೀದಿಯಾದಾಗ

ಆಗಿಯೇ ಆಗುತ್ತದೆ. ಒಂದೇ ಒಗೆತಕ್ಕೆ ಕುಗ್ಗಿದ ಟೀಶರ್ಟ್, ಬಣ್ಣ ಬಿಟ್ಟ ಪ್ಯಾಂಟು, ಎರಡು ಸಲ ಹಾಕಿ ಬೇಸರವಾದ ಜಾಕೆಟ್. "ನಾನಾಗಲೇ ಹೇಳಿದ್ದೆ" ಎಂಬ ಮಾತನ್ನು ನುಂಗಿಕೊಳ್ಳಿ. ಮರಳಿಸುವ ಅವಧಿ ಉಳಿದಿದೆಯೇ ನೋಡಲು ಹೇಳಿ, ಬಿಲ್ಲು ಎಲ್ಲಿದೆ ಎಂದು ಕೇಳಿ, ನೋಟ್‌ಬುಕ್ಕಿನಲ್ಲಿ ಕಾರಣ ಬರೆಸಿ. ಮುಗಿಯಿತು.

8. ಈಗ ಕೃತಜ್ಞತೆಯ ಮಾತು

ಇಷ್ಟು ಹೊತ್ತು ಕಾದಿದ್ದಕ್ಕೆ ಕಾರಣವಿದೆ. ಮೇಲಿನ ಹಂತಗಳಿಲ್ಲದೆ ಕೃತಜ್ಞತೆಯನ್ನು ಕೇಳಿದರೆ ಅದು ಸಾಲ ವಸೂಲಿಯಂತೆ ಕೇಳಿಸುತ್ತದೆ.

ಮೊದಲನೆಯದಾಗಿ, ಕೊಟ್ಟದ್ದನ್ನು ಎತ್ತಿ ಆಡಿ ಹಂಗಿಸಬೇಡಿ. "ನಿನಗೆ ಅಷ್ಟೆಲ್ಲಾ ಕೊಡಿಸಿದ್ದೀನಿ, ಇಷ್ಟೂ ಮಾಡೋಕಾಗಲ್ವಾ?" ಎಂಬ ಒಂದು ಮಾತು ಸಾಕು, ಮಗುವಿನ ಮನಸ್ಸಿನಲ್ಲಿ ನಿಮ್ಮ ಉಡುಗೊರೆಯೆಲ್ಲ ಸಾಲದ ಪಟ್ಟಿಯಾಗುತ್ತದೆ. ಸಾಲಗಾರನಿಗೆ ಕೊಟ್ಟವರ ಮೇಲೆ ಪ್ರೀತಿ ಹುಟ್ಟುವುದು ಅಪರೂಪ. "ನಮ್ಮ ಕಾಲದಲ್ಲಿ ಎರಡೇ ಜೊತೆ ಬಟ್ಟೆ" ಎಂಬುದೂ ಇದೇ ಜಾತಿಯದ್ದು. ನಿಮ್ಮ ಬಾಲ್ಯದ ಕಷ್ಟವನ್ನು ಖಂಡಿತ ಹೇಳಿ, ಬೇಡಿಕೆ ಬಂದಾಗ ಹೇಳಬೇಡಿ. ಆರಾಮಾಗಿ ಕೂತಾಗ ಕಥೆಯಾಗಿ ಹೇಳಿದರೆ ಕೇಳುತ್ತಾರೆ, ಇನ್ನಷ್ಟು ಹೇಳು ಎನ್ನುತ್ತಾರೆ. ಬಡವರ ಮಕ್ಕಳನ್ನು ತೋರಿಸಿ "ನೋಡು, ಅವರಿಗೆ ಅದೂ ಇಲ್ಲ" ಎನ್ನುವುದನ್ನು ನಾನು ಒಪ್ಪುವುದಿಲ್ಲ. ಇನ್ನೊಬ್ಬರ ಕೊರತೆ ನಮ್ಮ ಮಕ್ಕಳ ಪಾಠದ ಸಾಮಗ್ರಿಯಲ್ಲ. ಚಿಕ್ಕದಾದ ಬಟ್ಟೆಯನ್ನು ಕೊಡುವಾಗಲೂ ಒಗೆದು, ಗುಂಡಿ ಸರಿಮಾಡಿ, ಮಡಿಸಿ ಕೊಡುವುದನ್ನು ಮಗುವಿನಿಂದಲೇ ಮಾಡಿಸಿ. ತಾನು ತೊಡಲು ನಾಚುವಂಥದ್ದನ್ನು ಇನ್ನೊಬ್ಬರಿಗೆ ಕೊಡಬಾರದು.

ಮಾಡಬೇಕಾದ್ದೇನು? ಮನೆಯಲ್ಲಿ ಧನ್ಯವಾದ ಹೇಳುವುದನ್ನು ದೊಡ್ಡವರು ಶುರು ಮಾಡಿ, ವಿವರವಾಗಿ ಹೇಳಿ. "ಥ್ಯಾಂಕ್ಸ್" ಎಂದು ಹಾರಿಸಿಬಿಡುವ ಬದಲು "ಮಳೆ ಬರೋ ಮೊದಲೇ ಒಣಗಿದ ಬಟ್ಟೆ ಎತ್ತಿಟ್ಟೆಯಲ್ಲ, ನನಗೆ ಒಂದು ಕೆಲಸ ಉಳೀತು ಪುಟ್ಟ" ಎನ್ನಿ. ಗಂಡ ಹೆಂಡತಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಹೀಗೆ ಗುರುತಿಸುವುದನ್ನು ಮಕ್ಕಳು ದಿನವೂ ಕೇಳಬೇಕು. ಮಗು ತಿರುಗಿ ಹೇಳದಿದ್ದರೆ ಒತ್ತಾಯಿಸಬೇಡಿ. ಈ ವಯಸ್ಸಿನಲ್ಲಿ ಎಷ್ಟೋ ಮಕ್ಕಳು ಬಾಯಲ್ಲಿ ಹೇಳುವುದಿಲ್ಲ. ಕೊಟ್ಟ ಬಟ್ಟೆಯನ್ನು ಜೋಪಾನವಾಗಿ ಮಡಿಸಿಟ್ಟರೆ, ತಮ್ಮನಿಗೆ ತನ್ನ ಭತ್ಯೆಯಿಂದ ಏನೋ ತಂದರೆ, ಅದನ್ನು ನೋಡಿ ಗುರುತಿಸಿ.

ಬರೆಯಲು ಇಷ್ಟಪಡುವ ಮಗುವಾದರೆ ಪಟ್ಟಿ ಮಾಡುವ ಅಭ್ಯಾಸ ಪ್ರಯತ್ನಿಸಬಹುದು. 2008ರಲ್ಲಿ ಪ್ರಕಟವಾದ, ಜೆಫ್ರಿ ಫ್ರೋ ಮತ್ತವರ ಸಹೋದ್ಯೋಗಿಗಳ ಅಧ್ಯಯನದಲ್ಲಿ ಹದಿಹರೆಯದ ಹೊಸ್ತಿಲಲ್ಲಿದ್ದ 221 ವಿದ್ಯಾರ್ಥಿಗಳನ್ನು ಗುಂಪುಗಳಾಗಿ ಮಾಡಿ, ಒಂದು ಗುಂಪಿನವರಿಂದ ಎರಡು ವಾರ ದಿನವೂ ತಮಗೆ ಕೃತಜ್ಞತೆ ಅನ್ನಿಸಿದ ಸಂಗತಿಗಳನ್ನು ಬರೆಸಿದರು. ದಿನದ ಕಿರಿಕಿರಿಗಳನ್ನು ಬರೆದವರಿಗಿಂತ ಇವರಲ್ಲಿ ಜೀವನದ ಬಗೆಗಿನ ತೃಪ್ತಿ, ಭರವಸೆ ಹೆಚ್ಚಾಗಿ ಕಂಡವು. ಆದರೆ ಈ ಪಟ್ಟಿ ಬರೆಯುವ ಪುಸ್ತಕ ಮಗುವಿನದ್ದು, ನೀವು ತೆರೆದು ಓದಬಾರದು.

ಬಟ್ಟೆ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿಸಿ. ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ, ಬೆಳೆಗೆ ಬಿದ್ದ ಮಳೆನೀರನ್ನೂ ಸೇರಿಸಿ, ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರಿದೆ. ಕಾಲು ಕಿಲೋ ತೂಗುವ ಅಂಗಿಗೆ 2,500 ಲೀಟರ್ ಆಯಿತು. ನೀರಿಗಿಂತ ಹೆಚ್ಚಾಗಿ ಅಲ್ಲಿ ಮನುಷ್ಯರ ಕೈಗಳಿವೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಜಗತ್ತಿನ ನಾನಾ ದೇಶಗಳಿಗೆ ಸಿದ್ಧ ಉಡುಪು ಹೊಲಿಯುತ್ತಿದ್ದವರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು, ಆದರೂ ಕೆಲಸಕ್ಕೆ ಕರೆಸಿದ್ದರು. 15-16ರ ಮಕ್ಕಳು ಇದನ್ನು ಗಂಭೀರವಾಗಿ ಕೇಳುತ್ತಾರೆ. ಅಂಗಿಯ ಒಳಚೀಟಿಯಲ್ಲಿ ಯಾವ ದೇಶದಲ್ಲಿ ತಯಾರಾದದ್ದು ಎಂದು ಓದಿ ನಕಾಶೆಯಲ್ಲಿ ಹುಡುಕುತ್ತಾರೆ. ಇದನ್ನು ಹೇಳುವುದು ಅಪರಾಧಿ ಭಾವನೆ ಹುಟ್ಟಿಸಲಿಕ್ಕಲ್ಲ. ಬಟ್ಟೆಯ ಹಿಂದೆ ಯಾರೋ ಇದ್ದಾರೆ ಎಂದು ತಿಳಿದವರು ಅದನ್ನು ನೆಲಕ್ಕೆ ಎಸೆಯುವ ಮೊದಲು ಒಂದು ಕ್ಷಣ ತಡೆಯುತ್ತಾರೆ.

ವಿಷಯ ಬಟ್ಟೆಯದ್ದಲ್ಲದಾಗ

ಕೆಲವೊಮ್ಮೆ ಬಟ್ಟೆಯ ಬೇಡಿಕೆ ಬೇರೇನನ್ನೋ ಹೇಳುತ್ತಿರುತ್ತದೆ. ಯಾರಾದರೂ ಬಟ್ಟೆ ನೋಡಿ ಗೇಲಿ ಮಾಡುತ್ತಿದ್ದರೆ ಹೊಸ ಬಟ್ಟೆ ಕೊಡಿಸಿ ಸುಮ್ಮನಾಗಬೇಡಿ, ನಾಳೆ ಅವರು ಇನ್ನೇನನ್ನೋ ಹುಡುಕುತ್ತಾರೆ. ಶಾಲೆಯಲ್ಲಿ ಮಾತಾಡಿ. ಬಿಸಿಲಲ್ಲೂ ಉದ್ದ ತೋಳಿನ, ದೊಗಳೆ ಬಟ್ಟೆಯನ್ನೇ ಹಾಕಿ ಮೈ ಮುಚ್ಚಿಕೊಳ್ಳುವುದು, ಕನ್ನಡಿ ಮುಂದೆ ಅಳುವುದು, ಊಟ ಬಿಡುವುದು, ಮನೆಯಲ್ಲಿ ದುಡ್ಡು ಕಾಣೆಯಾಗುವುದು, ತಾನು ಕೊಳ್ಳದ ಬಟ್ಟೆ ಬೀರುವಿನಲ್ಲಿ ಕಾಣಿಸಿಕೊಳ್ಳುವುದು, ಇವುಗಳಲ್ಲಿ ಯಾವುದೇ ಕಂಡರೂ ಭತ್ಯೆಯ ನಿಯಮಗಳನ್ನು ಪಕ್ಕಕ್ಕಿಟ್ಟು ಮೊದಲು ಮಗುವಿನ ಪಕ್ಕ ಕೂರಿ. ಬೈಯದೆ ಕೇಳಿ. ಅಗತ್ಯವೆನಿಸಿದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಲು ತಡಮಾಡಬೇಡಿ.

9. ಅವಧಿ ಮುಗಿದಾಗ

ಮೂರು ತಿಂಗಳಾದ ಮೇಲೆ ನೋಟ್‌ಬುಕ್ ತೆಗೆದುಕೊಂಡು ಒಂದರ್ಧ ಗಂಟೆ ಜೊತೆಗೆ ಕೂರಿ. ಹೆಚ್ಚು ಸಲ ತೊಟ್ಟದ್ದು ಯಾವುದು, ಒಮ್ಮೆಯೂ ತೊಡದ್ದು ಯಾವುದು, ಇನ್ನೊಮ್ಮೆ ಕೊಳ್ಳುವುದಾದರೆ ಏನು ಬಿಡುತ್ತೀಯ, ಮೊತ್ತ ಸಾಲುತ್ತದೆಯೇ ಎಂದು ಕೇಳಿ. ಕೊನೆಯ ಪ್ರಶ್ನೆಗೆ "ಸಾಲದು" ಎಂದರೆ ಎಷ್ಟು ಬೇಕು, ಯಾಕೆ ಎಂದು ಬರೆದು ತರಲು ಹೇಳಿ. ಬರೆದು ತಂದದ್ದು ನ್ಯಾಯವಾಗಿದ್ದರೆ ಹೆಚ್ಚಿಸಿ, ಇಲ್ಲವಾದರೆ ಯಾಕಿಲ್ಲ ಎಂದು ಅದೇ ಪುಟದ ಕೆಳಗೆ ನೀವೂ ಬರೆಯಿರಿ. ಆಮೇಲೆ ಮುಂದಿನ ಕಂತನ್ನು ಅಂದೇ ಕೊಟ್ಟುಬಿಡಿ.